ಸುತ್ತಿಗೆಯ ಮೇಲಿನ ಬರಹ: ಕಾಮಿಕ್ಸ್‌ನ ಥಾರ್ ಮತ್ತು ಪುರಾಣದ ಥಾರ್

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗಳು ಥಾರ್ ಕಾಮಿಕ್ಸ್‌ಗಳನ್ನು ಕೈಗೆ ಸಿಕ್ಕಷ್ಟೂ ಓದುತ್ತಾಳೆ. ಈಚೆಗೆ ಶಾಲೆಗೆಂದು ಬರೆದ ಪ್ರಬಂಧದಲ್ಲಿ, ಲೋಕಿ ಎಂಬವನು ಥಾರ್‌ನ ದತ್ತು ತಮ್ಮನೆಂದೂ ಯೋಗ್ಯರಾದವರು ಮಾತ್ರ ಥಾರ್‌ನ ಸುತ್ತಿಗೆಯನ್ನು ಎತ್ತಬಲ್ಲರೆಂದೂ ಉತ್ತರ ಯುರೋಪಿನ ಪುರಾಣಗಳು ಹೇಳುತ್ತವೆ ಎಂದು ಬರೆದಿದ್ದಳು. ಇದು ನಿಜವೇ? ಥಾರ್ ಎಂದರೆ ನಮ್ಮ ಇಂದ್ರನೇ ಎಂದೂ ಕೇಳುತ್ತಿದ್ದಾಳೆ. ಈ ಕಾಮಿಕ್ಸ್‌ಗಳಿಂದ ಅವಳು ಪುರಾಣ ಕಲಿಯುತ್ತಿದ್ದಾಳೆಯೇ, ತಪ್ಪು ಕಲಿಯುತ್ತಿದ್ದಾಳೆಯೇ? ಮೂಲವನ್ನು ಓದಿಸುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಮಗಳು ಬರೆದ ಎರಡು ಮಾತುಗಳೂ ಮಾರ್ವೆಲ್ ಕಾಮಿಕ್ಸ್‌ನ ಥಾರ್‌ಗೆ ಸರಿಯಾಗಿ ಹೊಂದುತ್ತವೆ, ಪುರಾಣದ ಥಾರ್‌ಗೆ ಹೊಂದುವುದಿಲ್ಲ. ಪುರಾಣದಲ್ಲಿ ಲೋಕಿ ಥಾರ್‌ನ ತಮ್ಮನಲ್ಲ. ಸುತ್ತಿಗೆಯನ್ನು ಎತ್ತುವುದಕ್ಕೆ ಯಾವ ಯೋಗ್ಯತೆಯ ಪರೀಕ್ಷೆಯೂ ಇಲ್ಲ. ಪ್ರಬಂಧವನ್ನು ತಿದ್ದುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಉತ್ತರ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಏನನ್ನು ಬದಲಾಯಿಸಿದರು, ಬದಲಾಯಿಸಿದ್ದರಿಂದ ಏನು ಹುಟ್ಟಿತು ಎಂದು ನೋಡತೊಡಗಿದರೆ ಈ ಕಾಮಿಕ್ಸ್‌ಗಳ ಜೀವಾಳವೇ ಅಲ್ಲಿ ಸಿಗುತ್ತದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಡೆನ್ಮಾರ್ಕಿನ ಲೊಲ್ಲಾಂಡ್ ದ್ವೀಪದ ಕೋಬೆಲೆವ್ ಎಂಬಲ್ಲಿ 2014ರಲ್ಲಿ ಹತ್ತನೆಯ ಶತಮಾನದ ಒಂದು ಪುಟ್ಟ ಪದಕ ಸಿಕ್ಕಿತು. ಕೊರಳಿಗೆ ಕಟ್ಟಿಕೊಳ್ಳುವ ತಾಯಿತದಂತಹ, ಸುತ್ತಿಗೆಯ ಆಕಾರದ ಇಂತಹ ಪದಕಗಳು ಉತ್ತರ ಯುರೋಪಿನಲ್ಲಿ ಸಾವಿರದಷ್ಟು ದೊರೆತಿವೆ. ಅವು ನಿಜಕ್ಕೂ ಸುತ್ತಿಗೆಗಳೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಅನುಮಾನವೂ ಇತ್ತು. ಕೋಬೆಲೆವ್‌ನ ಪದಕದ ಮೇಲೆ ಮಾತ್ರ ಪ್ರಾಚೀನ ರೂನ್ ಲಿಪಿಯಲ್ಲಿ ಒಂದು ಬರಹವಿತ್ತು. ಅದರ ಅರ್ಥ ಇಷ್ಟೇ: ಇದು ಸುತ್ತಿಗೆ. 1962ರಲ್ಲಿ ನ್ಯೂಯಾರ್ಕಿನಿಂದ ಪ್ರಕಟವಾದ ಕಾಮಿಕ್ಸ್‌ನ ಸುತ್ತಿಗೆಯ ಮೇಲೂ ಒಂದು ಬರಹವಿದೆ. ಇದನ್ನು ಹಿಡಿದವನು ಯೋಗ್ಯನಾಗಿದ್ದರೆ ಥಾರ್‌ನ ಶಕ್ತಿ ಅವನದಾಗುತ್ತದೆ ಎಂಬುದು ಅದರ ತಾತ್ಪರ್ಯ. ಮೊದಲನೆಯದು ಒಂದು ವಸ್ತುವನ್ನು ಹೆಸರಿಸುತ್ತದೆ, ಎರಡನೆಯದು ಒಂದು ಷರತ್ತನ್ನು ಒಡ್ಡುತ್ತದೆ. ಪುರಾಣಕ್ಕೂ ಕಾಮಿಕ್ಸ್‌ಗೂ ಇರುವ ಅಂತರವೆಲ್ಲ ಈ ಎರಡು ಬರಹಗಳ ನಡುವೆ ಇದೆ ಎಂದು ನನಗೆ ಅನಿಸುತ್ತದೆ.

ಆ ಕಾಮಿಕ್ಸ್ ಕಥೆ ಬಂದದ್ದು 'ಜರ್ನಿ ಇನ್‌ಟು ಮಿಸ್ಟರಿ' ಎಂಬ ಪತ್ರಿಕೆಯ 83ನೆಯ ಸಂಚಿಕೆಯಲ್ಲಿ. ಸಂಚಿಕೆಯ ಮೇಲಿರುವ ತಿಂಗಳು ಆಗಸ್ಟ್ 1962. ಕಥೆಯ ಎಳೆ ಸ್ಟಾನ್ ಲೀ ಅವರದು, ಬರವಣಿಗೆ ಅವರ ತಮ್ಮ ಲ್ಯಾರಿ ಲೀಬರ್ ಅವರದು, ಪೆನ್ಸಿಲ್ ಚಿತ್ರಗಳು ಜ್ಯಾಕ್ ಕರ್ಬಿ ಅವರವು, ಅದಕ್ಕೆ ಶಾಯಿ ತುಂಬಿದವರು ಜೋ ಸಿನ್ನಟ್. ಡೊನಾಲ್ಡ್ ಬ್ಲೇಕ್ ಎಂಬ ಕುಂಟುಗಾಲಿನ ಅಮೆರಿಕನ್ ವೈದ್ಯ ರಜೆಗೆಂದು ನಾರ್ವೆಗೆ ಹೋಗಿದ್ದಾಗ, ಶನಿಗ್ರಹದಿಂದ ಇಳಿದು ಬಂದ ಕಲ್ಲುಮೈಯ ಜೀವಿಗಳನ್ನು ಕಂಡು ಓಡುತ್ತಾನೆ. ಓಟದಲ್ಲಿ ಊರುಗೋಲು ಕಳೆದುಹೋಗುತ್ತದೆ. ಅಡಗಿಕೊಂಡ ಗವಿಯಲ್ಲಿ ಗಂಟುಗಂಟಾದ ಹಳೆಯ ಕೋಲೊಂದು ಸಿಗುತ್ತದೆ. ಹೊರಹೋಗುವ ದಾರಿಗೆ ಅಡ್ಡವಾಗಿದ್ದ ಬಂಡೆಯನ್ನು ಕದಲಿಸಲಾಗದೆ ಹತಾಶೆಯಿಂದ ಆ ಕೋಲನ್ನು ಬಂಡೆಗೆ ಅಪ್ಪಳಿಸಿದಾಗ ಕೋಲು ಸುತ್ತಿಗೆಯಾಗುತ್ತದೆ, ಅವನು ಥಾರ್ ಆಗುತ್ತಾನೆ. ಸುತ್ತಿಗೆ ಕೈಬಿಟ್ಟು 60 ಸೆಕೆಂಡು ಕಳೆದರೆ ಮತ್ತೆ ಅದೇ ಕುಂಟು ವೈದ್ಯ.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಮೊದಲ ಕಥೆಯಲ್ಲಿ ಥಾರ್ ಎಂಬುದು ಒಬ್ಬ ದೇವರ ಹೆಸರಿಗಿಂತ ಹೆಚ್ಚಾಗಿ ಯೋಗ್ಯನಾದ ಮನುಷ್ಯನೊಬ್ಬ ಏರಬಹುದಾದ ಪದವಿಯಂತಿದೆ. ಹಾಗಾದರೆ ನಿಜವಾದ ಥಾರ್ ಎಲ್ಲಿ ಹೋದ ಎಂಬ ಪ್ರಶ್ನೆಗೆ ಲೇಖಕರು ಉತ್ತರ ಕೊಟ್ಟದ್ದು ಆರು ವರ್ಷಗಳ ನಂತರ, 1968ರ ಡಿಸೆಂಬರ್ ಸಂಚಿಕೆಯಲ್ಲಿ. ಬ್ಲೇಕ್ ಎಂಬ ವೈದ್ಯ ಇರಲೇ ಇಲ್ಲ; ಸೊಕ್ಕಿನಿಂದ ಮೆರೆಯುತ್ತಿದ್ದ ಮಗನಿಗೆ ವಿನಯ ಕಲಿಸಲೆಂದು ತಂದೆ ಓಡಿನ್ ಅವನ ನೆನಪನ್ನು ಅಳಿಸಿ, ಊನವಾದ ಮನುಷ್ಯದೇಹ ಕೊಟ್ಟು ಭೂಮಿಗೆ ಕಳುಹಿಸಿದ್ದ. ಶಾಪಗ್ರಸ್ತರಾಗಿ ಭೂಮಿಗೆ ಬಂದ ಗಂಧರ್ವರ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ತಿರುವು ಎಷ್ಟೋ ಕಾಲದ ಪರಿಚಯದಂತೆ ಕಾಣುತ್ತದೆ. ಆದರೆ ಥಾರ್‌ನ ಬಗ್ಗೆ ಉಳಿದಿರುವ ಪ್ರಾಚೀನ ಕಥೆಗಳಲ್ಲಿ ಇಂತಹದ್ದು ಯಾವುದೂ ಇಲ್ಲ.

ಮೂಲ ಎಂದು ನಾವು ಕರೆಯುವುದು ಯಾವುದನ್ನು ಎಂಬುದನ್ನೂ ಹೇಳಬೇಕು. ಥಾರ್‌ನ ಕಥೆಗಳು ನಮಗೆ ಮುಖ್ಯವಾಗಿ ಸಿಗುವುದು ಐಸ್‌ಲ್ಯಾಂಡಿನ ಎರಡು ಗ್ರಂಥಗಳಿಂದ. ಒಂದು, ಸ್ನೋರಿ ಸ್ಟರ್ಲುಸನ್ ಎಂಬ ವಿದ್ವಾಂಸ, ರಾಜಕಾರಣಿ 1220ರ ಸುಮಾರಿಗೆ ಬರೆದ ಗದ್ಯ ಎಡ್ಡಾ. ಇನ್ನೊಂದು, ಯಾರು ಕಟ್ಟಿದರೆಂದು ತಿಳಿಯದ ಹಳೆಯ ಹಾಡುಗಳ ಸಂಗ್ರಹವಾದ ಪದ್ಯ ಎಡ್ಡಾ. ಪದ್ಯ ಎಡ್ಡಾದ ಪ್ರಮುಖ ಹಸ್ತಪ್ರತಿ 1270ರ ದಶಕದ್ದು. ಅದರಲ್ಲಿ ಈಗ ಉಳಿದಿರುವುದು 45 ಚರ್ಮದ ಹಾಳೆಗಳು. 1643ರಲ್ಲಿ ಅದು ಐಸ್‌ಲ್ಯಾಂಡಿನ ಬಿಷಪ್ ಒಬ್ಬರ ಕೈಸೇರಿತು, 1662ರಲ್ಲಿ ಡೆನ್ಮಾರ್ಕಿನ ದೊರೆಗೆ ಕಾಣಿಕೆಯಾಗಿ ಹೋಯಿತು, 1971ರಲ್ಲಿ ನೌಕಾಪಡೆಯ ಹಡಗಿನಲ್ಲಿ ತನ್ನ ನಾಡಿಗೆ ಮರಳಿತು. ಐಸ್‌ಲ್ಯಾಂಡ್ ಕ್ರೈಸ್ತಮತವನ್ನು ಸ್ವೀಕರಿಸಿದ್ದು 1000ದ ಸುಮಾರಿಗೆ. ಎಂದರೆ ಈ ಕಥೆಗಳನ್ನು ಬರೆದಿಟ್ಟವರು ಆ ದೇವರುಗಳನ್ನು ಪೂಜಿಸುತ್ತಿದ್ದವರಲ್ಲ, ಅವರ ಮರಿಮಕ್ಕಳ ಮರಿಮಕ್ಕಳು. ಸ್ನೋರಿ ಬರೆದ ಉದ್ದೇಶವೂ ಭಕ್ತಿಯದಲ್ಲ. ಹಳೆಯ ಕವಿಗಳ ಒಗಟಿನಂತಹ ರೂಪಕಗಳು ಹೊಸ ಕವಿಗಳಿಗೆ ಅರ್ಥವಾಗಬೇಕಾದರೆ ಹಿಂದಿನ ಕಥೆ ತಿಳಿದಿರಬೇಕು ಎಂಬುದು ಅವನ ಕಾಳಜಿ. ನಾವು ಮೂಲವೆಂದು ಕೈಗೆತ್ತಿಕೊಳ್ಳುವುದೂ ಒಂದು ಮರುನಿರೂಪಣೆಯೇ ಎಂಬ ಎಚ್ಚರ ಇದ್ದರೆ ಕಾಮಿಕ್ಸ್‌ನ ಮೇಲೆ ಅನವಶ್ಯಕವಾಗಿ ಸಿಟ್ಟಾಗುವುದು ತಪ್ಪುತ್ತದೆ.

ಈಗ ಸುತ್ತಿಗೆಯ ವಿಷಯ. ಸ್ನೋರಿಯ ಪ್ರಕಾರ ಅದರ ಹೆಸರು ಮ್ಯೋಲ್ನಿರ್. ಅದನ್ನು ಮಾಡಿದವರು ಕುಬ್ಜ ಕಮ್ಮಾರರು. ಅವರು ಕೆಲಸ ಮಾಡುತ್ತಿದ್ದಾಗ ಲೋಕಿ ನೊಣವಾಗಿ ಬಂದು ತಿದಿ ಒತ್ತುತ್ತಿದ್ದವನ ಕಣ್ಣರೆಪ್ಪೆಯನ್ನು ಕಚ್ಚಿದ. ರಕ್ತ ಒರೆಸಿಕೊಳ್ಳಲು ಅವನು ಒಂದು ಕ್ಷಣ ಕೈಬಿಟ್ಟ. ಅದರಿಂದಾಗಿ ಸುತ್ತಿಗೆಯ ಹಿಡಿ ಗಿಡ್ಡವಾಯಿತು. ಕಾಮಿಕ್ಸ್‌ನಲ್ಲಿಯೂ ಸುತ್ತಿಗೆಯ ಹಿಡಿ ಗಿಡ್ಡವೇ; ಆ ಗಿಡ್ಡ ಹಿಡಿಯ ಹಿಂದೆ ಎಡ್ಡಾದಲ್ಲಿ ಇಷ್ಟು ದೊಡ್ಡ ಕಥೆಯಿದೆ. ಕಾಮಿಕ್ಸ್ ಹೇಳುವ 'ಉರು' ಎಂಬ ಲೋಹ ಮಾತ್ರ ಲ್ಯಾರಿ ಲೀಬರ್ ಕಲ್ಪಿಸಿದ್ದು. ಯಾವ ಪ್ರಾಚೀನ ಪದ್ಯದಲ್ಲಿಯೂ ಆ ಹೆಸರಿಲ್ಲ. ಎಡ್ಡಾದ ಸುತ್ತಿಗೆಯನ್ನು ಕದಿಯಬಹುದು ಎಂಬುದು ಎಲ್ಲಕ್ಕಿಂತ ಮುಖ್ಯ. 'ಥ್ರಿಮ್ಸ್‌ಕ್ವಿಡಾ' ಎಂಬ ಹಾಡಿನಲ್ಲಿ ಥ್ರಿಮ್ ಎಂಬ ದೈತ್ಯ ಅದನ್ನು ಕದ್ದು ಎಂಟು ಹರದಾರಿ ಆಳದಲ್ಲಿ ಹೂತಿಡುತ್ತಾನೆ. ಫ್ರೇಯಾ ದೇವಿಯನ್ನು ತನಗೆ ಮದುವೆ ಮಾಡಿಕೊಟ್ಟರೆ ಮಾತ್ರ ಹಿಂದಿರುಗಿಸುವೆನೆನ್ನುತ್ತಾನೆ. ಇದನ್ನು ಕೇಳಿದ ಫ್ರೇಯಾಳ ಕೋಪದ ಉಸಿರಿಗೆ ಅವಳ ಕೊರಳ ಹಾರವೇ ಕಳಚಿ ಬೀಳುತ್ತದೆ. ಕಡೆಗೆ ಹೈಮ್‌ಡಾಲ್ ಎಂಬ ದೇವ ಕೊಟ್ಟ ಸಲಹೆಯಂತೆ ಥಾರ್‌ಗೇ ಮದುಮಗಳ ಉಡುಪು ತೊಡಿಸಿ, ಲೋಕಿಯನ್ನು ಸೇವಕಿಯ ವೇಷದಲ್ಲಿ ಜೊತೆಮಾಡಿ ದೈತ್ಯನ ಮನೆಗೆ ಕಳುಹಿಸುತ್ತಾರೆ. ಅಲ್ಲಿ ಮದುಮಗಳು ಇಡೀ ಎತ್ತನ್ನೂ ಎಂಟು ಸಾಲ್ಮನ್ ಮೀನುಗಳನ್ನೂ ತಿಂದು, ಮೂರು ಪೀಪಾಯಿ ಜೇನುಮದ್ಯ ಕುಡಿಯುತ್ತಾಳೆ. ಪಾಪ, ನಿಮ್ಮನ್ನು ಕಾಣುವ ಆತುರದಲ್ಲಿ ಎಂಟು ರಾತ್ರಿ ಉಪವಾಸವಿದ್ದಳು ಎಂದು ಸೇವಕಿ ಸಮಜಾಯಿಷಿ ಕೊಡುತ್ತಾಳೆ. ಮದುವೆಯನ್ನು ಪವಿತ್ರಗೊಳಿಸಲೆಂದು ಸುತ್ತಿಗೆಯನ್ನು ತಂದು ಮದುಮಗಳ ಮಡಿಲಲ್ಲಿ ಇಟ್ಟ ಕೂಡಲೇ ಥಾರ್‌ನ ಎದೆ ನಗುತ್ತದೆ. ಮುಂದಿನದನ್ನು ನೀವೇ ಊಹಿಸಬಹುದು.

ಯೋಗ್ಯರು ಮಾತ್ರ ಎತ್ತಬಲ್ಲ ಸುತ್ತಿಗೆಯಾಗಿದ್ದರೆ ಈ ಕಥೆ ಹುಟ್ಟುವುದೇ ಸಾಧ್ಯವಿರಲಿಲ್ಲ. ಇನ್ನೊಂದು ಕಡೆ ಸ್ನೋರಿ ಹೇಳುವಂತೆ ಥಾರ್‌ಗೆ ಆ ಸುತ್ತಿಗೆ ಹಿಡಿಯಲು ಕಬ್ಬಿಣದ ಕೈಗವಸು ಬೇಕು, ಬಲ ಇಮ್ಮಡಿಯಾಗಲು ಸೊಂಟದ ಪಟ್ಟಿ ಬೇಕು. ಪ್ರಳಯದ ನಂತರ ಅದು ಅವನ ಮಕ್ಕಳಾದ ಮೋದಿ ಮತ್ತು ಮಾಗ್ನಿ ಎಂಬವರಿಗೆ ಸೇರುತ್ತದೆ, ಹೊಲಮನೆ ಸೇರುವ ಹಾಗೆ. ಆ ಸಮಾಜದಲ್ಲಿ ಒಳ್ಳೆಯ ಆಯುಧವು ಮನೆತನದ ಸ್ವತ್ತು; ಅದರ ಒಡೆಯ ಒಳ್ಳೆಯವನೇ ಎಂದು ಆಯುಧ ಕೇಳುವುದಿಲ್ಲ.

ಲೋಕಿಯ ಕಥೆಯಲ್ಲಿ ಆದ ಬದಲಾವಣೆ ಇದಕ್ಕಿಂತ ದೊಡ್ಡದು. ಎಡ್ಡಾದಲ್ಲಿ ಅವನು ದೈತ್ಯ ಫಾರ್‌ಬೌಟಿಯ ಮಗ. ಲೌಫೇ ಎಂಬುದು ತಾಯಿಯ ಹೆಸರು. ಕಾಮಿಕ್ಸ್ ಆ ಹೆಸರನ್ನು ಹಿಮದೈತ್ಯರ ದೊರೆಗೆ ಕೊಟ್ಟು ಅವನನ್ನು ತಂದೆಯಾಗಿ ಮಾಡಿತು. ಎಡ್ಡಾದಲ್ಲಿ ಲೋಕಿಗೂ ಓಡಿನ್‌ಗೂ ರಕ್ತ ಬೆರೆಸಿ ಮಾಡಿಕೊಂಡ ಸೋದರತ್ವವಿದೆ. ಆ ಲೆಕ್ಕದಲ್ಲಿ ಅವನು ಥಾರ್‌ಗೆ ತಮ್ಮನಾಗುವುದಕ್ಕಿಂತ ಚಿಕ್ಕಪ್ಪನಾಗುತ್ತಾನೆ. ಇಬ್ಬರೂ ಎಷ್ಟೋ ಪ್ರಯಾಣಗಳಲ್ಲಿ ಜೊತೆಗಾರರು. ಲೋಕಿ ತೊಂದರೆ ತರುತ್ತಾನೆ, ತಂದ ತೊಂದರೆಯಿಂದ ಪಾರಾಗುವ ಉಪಾಯವನ್ನೂ ಅವನೇ ಹುಡುಕುತ್ತಾನೆ. ಲೋಕಿಯ ಸಂಚಿನಿಂದ ಓಡಿನ್‌ನ ಮಗ ಬಾಲ್ಡರ್ ಸತ್ತ ನಂತರವೇ ಆ ಸಂಬಂಧ ಪೂರ್ತಿಯಾಗಿ ಕೆಡುವುದು. ತಿಂಗಳು ತಿಂಗಳೂ ಬರುವ ಪತ್ರಿಕೆಗೆ ಇಂತಹ ಹಿಡಿತಕ್ಕೆ ಸಿಗದ ಪಾತ್ರಕ್ಕಿಂತ ಖಚಿತವಾದ ಪ್ರತಿನಾಯಕ ಬೇಕಿತ್ತು. ಆದ್ದರಿಂದ ಲೀ ಮತ್ತು ಕರ್ಬಿ ಅವನನ್ನು ಅಸೂಯೆಯಿಂದ ಬೇಯುವ ದತ್ತು ತಮ್ಮನನ್ನಾಗಿ ಮಾಡಿದರು. ಇದು ಎಷ್ಟು ಫಲಕೊಟ್ಟಿತೆಂದರೆ 1963ರ ಸೆಪ್ಟೆಂಬರ್ ತಿಂಗಳ 'ಅವೆಂಜರ್ಸ್' ಮೊದಲ ಸಂಚಿಕೆಯಲ್ಲಿ ಮಾರ್ವೆಲ್‌ನ ಹಲವು ವೀರರು ಒಂದು ತಂಡವಾಗುವುದಕ್ಕೆ ಕಾರಣವೇ ಲೋಕಿಯ ಕುತಂತ್ರ. ಪುರಾಣದ ಲೋಕಿಯ ಸಂಕೀರ್ಣತೆ ಇಲ್ಲಿ ಕಳೆದುಹೋದದ್ದು ನಿಜ. ಅದರ ಬದಲಿಗೆ ಬಂದ ಅಣ್ಣತಮ್ಮಂದಿರ ಮತ್ಸರವೂ ದಾಯಾದಿಗಳ ಕಥೆ ಬಲ್ಲ ಯಾವ ಓದುಗನಿಗೂ ಕ್ಷುಲ್ಲಕವಾಗಿ ಕಾಣಲಾರದು.

ಹೊರರೂಪದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಪುರಾಣದ ಥಾರ್ ಕೆಂಪುಗಡ್ಡದವನು, ಹೊಟ್ಟೆಬಾಕ, ಎರಡು ಹೋತಗಳು ಎಳೆಯುವ ರಥದಲ್ಲಿ ಓಡಾಡುವವನು. ಗಡ್ಡವಿಲ್ಲದ ಮುಖ, ರೆಕ್ಕೆಗಳ ಶಿರಸ್ತ್ರಾಣ ಇವು ಎಡ್ಡಾದಿಂದ ಬಂದವಲ್ಲ. ಹೊಂಬಣ್ಣದ ಕೂದಲನ್ನು ಮಾತ್ರ ಕರ್ಬಿಯವರ ತಲೆಗೆ ಕಟ್ಟಬಾರದು. ಸ್ವೀಡನ್ನಿನ ಮೋರ್ಟನ್ ಎಸ್ಕಿಲ್ ವಿಂಗೆ ಎಂಬ ಕಲಾವಿದರು 1872ರಲ್ಲಿಯೇ ಹೊಂಗೂದಲ ಥಾರ್‌ನನ್ನು ಚಿತ್ರಿಸಿದ್ದರು. ಭಾಷೆಯೂ ಹಾಗೆಯೇ. ಸ್ಟಾನ್ ಲೀ ಅವನ ಬಾಯಲ್ಲಿ ಇಟ್ಟದ್ದು ಶೇಕ್ಸ್‌ಪಿಯರ್ ನಾಟಕಗಳನ್ನು ನೆನಪಿಸುವ ಹಳೆಯ ಇಂಗ್ಲಿಷ್. ಕನ್ನಡಕ್ಕೆ ತಂದರೆ ಕಂಪನಿ ನಾಟಕಗಳ 'ಎಲೈ ದುರುಳನೇ' ಎನ್ನುವ ಧಾಟಿಯೇ ಅದಕ್ಕೆ ಹತ್ತಿರ. ಎಡ್ಡಾದ ಥಾರ್ ಆಡುವುದು ನೇರವಾದ, ತುಂಡುತುಂಡಾದ ಮಾತು.

ಇವೆಲ್ಲ ಮೇಲ್ಮೈಯ ವ್ಯತ್ಯಾಸಗಳು. ಒಳಗಿನ ವ್ಯತ್ಯಾಸ ಒಂದೇ. ಎಡ್ಡಾದ ಲೋಕದ ನಡುವೆ ಇರುವುದು ವಿಧಿ. ರಾಗ್ನರೋಕ್ ಎಂಬ ಪ್ರಳಯ ಬರುತ್ತದೆ ಎಂಬುದು ದೇವರುಗಳಿಗೆ ಮೊದಲೇ ಗೊತ್ತು. ಯಾರು ಯಾರನ್ನು ಕೊಂದು ಹೇಗೆ ಸಾಯುತ್ತಾರೆ ಎಂಬುದೂ ಗೊತ್ತು. ಥಾರ್ ಜಗತ್ತನ್ನು ಸುತ್ತುವರಿದ ಮಹಾಸರ್ಪ ಯೋರ್ಮುಂಗಾಂಡ್‌ನನ್ನು ಕೊಲ್ಲುತ್ತಾನೆ, ಒಂಬತ್ತು ಹೆಜ್ಜೆ ಇಡುತ್ತಾನೆ, ಅದರ ವಿಷಕ್ಕೆ ಬಿದ್ದು ಸಾಯುತ್ತಾನೆ. ಇದನ್ನು ಬದಲಿಸುವ ಮಾತೇ ಅಲ್ಲಿಲ್ಲ. ತಿಳಿದೂ ಹೋಗಿ ಹೋರಾಡುವುದಷ್ಟೇ ಅವರ ಪಾಲಿಗೆ ಉಳಿದಿರುವುದು. ಕಾಮಿಕ್ಸ್‌ನ ಲೋಕದ ನಡುವೆ ಇರುವುದು ಯೋಗ್ಯತೆ. ಅಲ್ಲಿ ನಾಯಕ ದಿನವೂ ತನ್ನನ್ನು ತಾನು ಸಾಬೀತುಪಡಿಸಬೇಕು, ಸೋತರೆ ಸುತ್ತಿಗೆ ಮೇಲೇಳುವುದಿಲ್ಲ, ತಿದ್ದಿಕೊಂಡರೆ ಮತ್ತೆ ಏಳುತ್ತದೆ. ಜೊತೆಗೆ ವ್ಯಾಪಾರದ ಒಂದು ಕಟ್ಟುಪಾಡೂ ಇದೆ: ಮುಂದಿನ ತಿಂಗಳೂ ಸಂಚಿಕೆ ಬರಬೇಕಾದ್ದರಿಂದ ಥಾರ್ ಸಾಯುವಂತಿಲ್ಲ, ಸತ್ತರೂ ಮರಳಲೇಬೇಕು. ಮಾರ್ವೆಲ್ ತನ್ನ ಕಥೆಗಳಲ್ಲಿ ರಾಗ್ನರೋಕ್ ಅನ್ನು ಮತ್ತೆ ಮತ್ತೆ ತಂದು, 2004ರಲ್ಲಿ ಮೈಕೆಲ್ ಏವನ್ ಓಮಿಂಗ್ ಅವರ ಕಥೆಯಲ್ಲಿ ಅದು ಮರುಕಳಿಸುವ ಚಕ್ರವೆಂದೂ, ಥಾರ್ ಆ ಚಕ್ರವನ್ನೇ ಮುರಿದನೆಂದೂ ಹೇಳಿತು. ಎಡ್ಡಾದ ಕವಿಗೆ ಊಹಿಸಲಾಗದಿದ್ದ ಮಾತು ಅದು.

ನನ್ನ ಅಭಿಪ್ರಾಯದಲ್ಲಿ ಈ ಕಾಮಿಕ್ಸ್‌ಗಳು ನಿಜಕ್ಕೂ ದೊಡ್ಡದಾಗುವುದು ಯೋಗ್ಯತೆ ಮತ್ತು ವಿಧಿ ಎರಡೂ ಒಂದೇ ಪುಟದಲ್ಲಿ ಎದುರಾದಾಗ. ಅದನ್ನು ಮೊದಲು ಸಾಧಿಸಿದವರು ಕರ್ಬಿ. ಅವರಿಗೆ ಥಾರ್ 1962ರಲ್ಲಿ ಹೊಳೆದ ವಿಷಯವಲ್ಲ. 1942ರಲ್ಲಿ ಜೋ ಸೈಮನ್ ಜೊತೆಗೂಡಿ ಮಾಡಿದ ಕಥೆಯೊಂದರಲ್ಲಿಯೂ, 1957ರ ಮತ್ತೊಂದು ಕಥೆಯಲ್ಲಿಯೂ ಥಾರ್‌ನ ಹೆಸರು, ಸುತ್ತಿಗೆ ಆಗಲೇ ಬಂದಿದ್ದವು. 1963ರ ಅಕ್ಟೋಬರ್ ಸಂಚಿಕೆಯಿಂದ 'ಟೇಲ್ಸ್ ಆಫ್ ಆಸ್‌ಗಾರ್ಡ್' ಎಂಬ ಐದು ಪುಟಗಳ ಪುಟ್ಟ ಕಥೆಗಳು ಮುಖ್ಯ ಕಥೆಯ ಹಿಂದೆ ಬರತೊಡಗಿದವು. ಮೊದಲ ಕಂತಿನಲ್ಲಿಯೇ ಆದಿದೈತ್ಯ ಯಿಮಿರ್, ಹಿಮವನ್ನು ನೆಕ್ಕಿ ನೆಕ್ಕಿ ಮೊದಲ ದೇವನನ್ನು ಹೊರತೆಗೆಯುವ ಆದಿಗೋವು ಎಲ್ಲವೂ ಎಡ್ಡಾ ಹೇಳಿದ ಕ್ರಮದಲ್ಲಿ ಕಾಣಿಸುತ್ತವೆ. ಮುಖ್ಯ ಕಥೆಯಲ್ಲಿ ದೇವರುಗಳ ನೆಲೆಯಾದ ಆಸ್‌ಗಾರ್ಡ್ ಯಂತ್ರಗಳೂ ಗೋಪುರಗಳೂ ತುಂಬಿದ, ಕರ್ಬಿಯವರೇ ಕಟ್ಟಿದ ಊರಾದರೆ, ಈ ಐದು ಪುಟಗಳು ಹಳೆಯ ಹಾಡಿಗೆ ಹತ್ತಿರ. 1966ರ ಮಾರ್ಚ್‌ನಲ್ಲಿ, 126ನೆಯ ಸಂಚಿಕೆಯಿಂದ ಪತ್ರಿಕೆಯ ಹೆಸರೇ 'ಥಾರ್' ಎಂದಾಯಿತು. 1970ರಲ್ಲಿ ಕರ್ಬಿ ಮಾರ್ವೆಲ್ ಬಿಟ್ಟರು. ಅವರು ಸೃಷ್ಟಿಸಿದ ಪಾತ್ರಗಳ ಹಕ್ಕಿಗಾಗಿ ಅವರ ವಾರಸುದಾರರು ನಡೆಸಿದ ಕಾನೂನು ಹೋರಾಟ ರಾಜಿಯಲ್ಲಿ ಮುಗಿದದ್ದು 2014ರಲ್ಲಿ, ಅವರು ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ. ಓಡಿನ್‌ನ ಮೇಲೆ, ಥಾರ್‌ನ ಮೇಲೆ ಯಾರಿಗೂ ಒಡೆತನವಿಲ್ಲ. ಕರ್ಬಿಯ ಕೈ ಬರೆದ ಆ ಥಾರ್‌ಗೆ ಮಾತ್ರ ಒಡೆಯರಿದ್ದಾರೆ. ಈ ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ.

ಕರ್ಬಿಯ ನಂತರ ಎಡ್ಡಾವನ್ನು ಹೃದಯಕ್ಕೆ ಹಚ್ಚಿಕೊಂಡು ಬರೆದವರೆಂದರೆ ವಾಲ್ಟ್ ಸೈಮನ್ಸನ್. 1983ರ ನವೆಂಬರ್ ತಿಂಗಳ 337ನೆಯ ಸಂಚಿಕೆಯಿಂದ 1987ರ 382ರವರೆಗೆ ಅವರು ಬರೆದ ಕಥೆಗಳು, ಆರಂಭದ ಭಾಗಕ್ಕೆ ಅವರೇ ಬರೆದ ಚಿತ್ರಗಳು, ನಿಮ್ಮ ಮಗಳ ಕೈಗೆ ಬರಲೇಬೇಕು. ಮೊದಲ ಸಂಚಿಕೆಯಲ್ಲಿಯೇ ಕುದುರೆಯಂತಹ ಮುಖದ, ನೋಡಿದರೆ ರಾಕ್ಷಸನೆನಿಸುವ ಬೀಟಾ ರೇ ಬಿಲ್ ಎಂಬ ಅನ್ಯಲೋಕದವನು ಥಾರ್‌ನ ಸುತ್ತಿಗೆಯನ್ನು ಎತ್ತಿಬಿಡುತ್ತಾನೆ. ಇಪ್ಪತ್ತು ವರ್ಷಗಳಿಂದ ಸುತ್ತಿಗೆಯ ಮೇಲೆ ಬರೆದಿದ್ದ ಷರತ್ತನ್ನು ಒಬ್ಬ ಲೇಖಕ ಅಕ್ಷರಶಃ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಇದು ಉತ್ತರ: ಯೋಗ್ಯನೆಂದರೆ ಯೋಗ್ಯ, ಮುಖ ಹೇಗಿದ್ದರೇನು. ಅದೇ ಹೊತ್ತಿಗೆ, ಸಂಚಿಕೆಯಿಂದ ಸಂಚಿಕೆಗೆ, ಮುಖ್ಯ ಕಥೆಯ ನಡುವೆ ಒಂದೆರಡು ಪುಟಗಳಲ್ಲಿ ಕತ್ತಲೆಯಲ್ಲಿ ಯಾರೋ ಕುಲುಮೆಯ ಮುಂದೆ ಕತ್ತಿಯೊಂದನ್ನು ಬಡಿಯುತ್ತಿರುತ್ತಾರೆ. ಜಾನ್ ವರ್ಕ್‌ಮನ್ ಬರೆದ ದೈತ್ಯಾಕಾರದ ಅಕ್ಷರಗಳಲ್ಲಿ ಆ ಬಡಿತದ ಸದ್ದು ಪುಟದ ಅಂಚಿನವರೆಗೆ ಹರಡುತ್ತದೆ. ಬಡಿಯುತ್ತಿದ್ದವನು ಸುರ್ಟ್, ಎಡ್ಡಾದಲ್ಲಿ ಜಗತ್ತಿಗೆ ಬೆಂಕಿ ಹಚ್ಚುವ ಅಗ್ನಿದೈತ್ಯ. ಬರುವುದು ಬಂದೇ ಬರುತ್ತದೆ ಎಂಬ ಎಡ್ಡಾದ ಭಾವವನ್ನು ತಿಂಗಳಿಗೊಮ್ಮೆ ಬರುವ ಪತ್ರಿಕೆಯ ಲಯಕ್ಕೆ ಇಷ್ಟು ಚೆನ್ನಾಗಿ ಹೊಂದಿಸಿದ ಇನ್ನೊಂದು ಉದಾಹರಣೆಯನ್ನು ನಾನು ಕಂಡಿಲ್ಲ.

ಸೈಮನ್ಸನ್ ಅವರ ಎರಡು ಸಂಚಿಕೆಗಳನ್ನು ಬೇರೆಯಾಗಿಯೇ ಹೆಸರಿಸುತ್ತೇನೆ. 1985ರ ಡಿಸೆಂಬರ್‌ನ 362ನೆಯದರಲ್ಲಿ, ಅದುವರೆಗೆ ಪುಡಿ ಖಳನಾಗಿದ್ದ ಸ್ಕರ್ಜ್ ಎಂಬವನು ಸತ್ತವರ ಲೋಕದಿಂದ ಜೊತೆಗಾರರು ಪಾರಾಗಲೆಂದು ಗ್ಯಾಲರ್‌ಬ್ರೂ ಸೇತುವೆಯ ಮೇಲೆ ಒಬ್ಬನೇ ನಿಂತು, ಆ ಲೋಕದ ಒಡತಿ ಹೆಲಾಳ ಸೇನೆಯನ್ನು ತಡೆದು ಮಡಿಯುತ್ತಾನೆ. ಆ ಸೇತುವೆ ಎಡ್ಡಾದ್ದೇ. ಬಾಲ್ಡರ್‌ನನ್ನು ಮರಳಿ ಕರೆತರಲು ಹೋದ ಹೆರ್ಮೋಡ್ ಎಂಬ ದೇವ ದಾಟಿದ ಸೇತುವೆ. ಸ್ಕರ್ಜ್‌ನ ಕೈಯಲ್ಲಿರುವುದು ಮಾತ್ರ ನಮ್ಮ ಕಾಲದ ಬಂದೂಕುಗಳು. ಸಾವು ಖಚಿತವೆಂದು ತಿಳಿದೂ ನಿಂತವನು ಆ ನಿಲುವಿನಿಂದಲೇ ಯೋಗ್ಯನಾಗುತ್ತಾನೆ: ಪುರಾಣದ ವಿಧಿಗೂ ಕಾಮಿಕ್ಸ್‌ನ ಯೋಗ್ಯತೆಗೂ ಇಲ್ಲಿ ಜಗಳವೇ ಉಳಿಯುವುದಿಲ್ಲ. ಇನ್ನೊಂದು 1987ರ 380ನೆಯ ಸಂಚಿಕೆ. ಹೆಲಾಳ ಶಾಪದಿಂದ ಥಾರ್‌ನ ಎಲುಬುಗಳು ಗಾಜಿನಂತಾಗಿವೆ. ಮುರಿದರೆ ಕೂಡಿಕೊಳ್ಳುವುದಿಲ್ಲ, ಸಾವೂ ಬರುವುದಿಲ್ಲ. ಆ ಸ್ಥಿತಿಯಲ್ಲಿ ಅವನು ಮಹಾಸರ್ಪವನ್ನು ಎದುರಿಸುತ್ತಾನೆ. ಸಾಲ್ ಬುಸೀಮಾ ಚಿತ್ರಗಳಿರುವ ಇಡೀ ಸಂಚಿಕೆಯಲ್ಲಿ ಪುಟಕ್ಕೆ ಒಂದೇ ಚಿತ್ರ. ಪಕ್ಕದ ಬರಹ ಹಾಡಿನಂತೆ ಸಾಗುತ್ತದೆ. ಎಡ್ಡಾದ ಆ ಒಂಬತ್ತು ಹೆಜ್ಜೆಗಳನ್ನು ತಿಳಿದು ಇದನ್ನು ಓದಿದವರಿಗೆ ಪ್ರತಿ ಪುಟವೂ ಎರಡು ಪಟ್ಟು ಭಾರವಾಗುತ್ತದೆ.

ಈಚಿನವರಲ್ಲಿ ಜೇಸನ್ ಏರನ್ ಯೋಗ್ಯತೆಯ ಪ್ರಶ್ನೆಯನ್ನು ದೇವರುಗಳ ಕಡೆಗೇ ತಿರುಗಿಸಿದರು. 2012ರಲ್ಲಿ ಆರಂಭವಾದ ಅವರ ಕಥೆಯಲ್ಲಿ, ಎಷ್ಟು ಬೇಡಿದರೂ ಯಾವ ದೇವರೂ ಓಗೊಡದೆ ಹೆಂಡತಿ ಮಕ್ಕಳನ್ನು ಕಳೆದುಕೊಂಡ ಗಾರ್ ಎಂಬವನು ಲೋಕಲೋಕಗಳ ದೇವರುಗಳನ್ನು ಕೊಲ್ಲುತ್ತ ಹೋಗುತ್ತಾನೆ. ಥಾರ್ ಅವನನ್ನು ಗೆಲ್ಲುತ್ತಾನೆ, ಆದರೆ ಅವನು ಹೇಳಿದ್ದು ಸರಿಯಿತ್ತೇನೋ ಎಂಬ ಸಂಶಯವನ್ನು ಗೆಲ್ಲಲಾರ. 2014ರಲ್ಲಿ ಥಾರ್‌ನ ಕಿವಿಯಲ್ಲಿ ಉಸುರಿದ ಒಂದೇ ಮಾತಿಗೆ ಅವನ ಸುತ್ತಿಗೆ ನೆಲಕ್ಕೆ ಬಿದ್ದು ಮತ್ತೆ ಏಳುವುದಿಲ್ಲ. ಆಗ ಅದನ್ನು ಎತ್ತುವವಳು ಕ್ಯಾನ್ಸರ್‌ನಿಂದ ಬಳಲುತ್ತಿರುವ, ಥಾರ್‌ನ ಹಳೆಯ ಗೆಳತಿ ಜೇನ್ ಫಾಸ್ಟರ್. ಅವಳು ಥಾರ್ ಆದಾಗಲೆಲ್ಲ ಮೈಯಲ್ಲಿರುವ ಚಿಕಿತ್ಸೆಯ ಔಷಧವೂ ವಿಷವೆಂದು ಹೊರಹೋಗುತ್ತದೆ, ರೋಗ ಮಾತ್ರ ಉಳಿಯುತ್ತದೆ. ಯೋಗ್ಯಳಾಗಿರುವುದಕ್ಕೆ ತೆರಬೇಕಾದ ಬೆಲೆ ಅವಳ ಆಯುಷ್ಯ. ಇಲ್ಲಿಯೂ ಮುಂದಿನ ಗತಿ ಗೊತ್ತಿದ್ದೇ ಹೆಜ್ಜೆ ಇಡುವ ಪಾತ್ರವೇ ಇದೆ.

ಇನ್ನು ಇಂದ್ರನ ವಿಷಯ. ಮಗುವಿನ ಊಹೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಇಬ್ಬರೂ ಗುಡುಗಿನ ಒಡೆಯರು. ಇಂದ್ರನ ವಜ್ರವನ್ನು ತ್ವಷ್ಟೃ ಮಾಡಿಕೊಟ್ಟ, ಥಾರ್‌ನ ಸುತ್ತಿಗೆಯನ್ನು ಕುಬ್ಜರು ಮಾಡಿಕೊಟ್ಟರು. ಇಂದ್ರ ನೀರನ್ನು ತಡೆದ ವೃತ್ರನೆಂಬ ಸರ್ಪವನ್ನು ಕೊಂದರೆ ಥಾರ್ ಕಡಲ ಸರ್ಪವನ್ನು ಕೊಲ್ಲುತ್ತಾನೆ. ಒಬ್ಬ ಸೋಮಪ್ರಿಯ, ಇನ್ನೊಬ್ಬ ಜೇನುಮದ್ಯಪ್ರಿಯ. ಋಗ್ವೇದದ ಇಂದ್ರನಿಗೆ ಹೊಂಬಣ್ಣದ ಗಡ್ಡವೂ ಇದೆ. ಸಂಸ್ಕೃತಕ್ಕೂ ಆ ನಾಡಿನ ಹಳೆಯ ನುಡಿಗೂ ಮೂಲ ಒಂದೇ ಆದ್ದರಿಂದ, ಥಾರ್ ಎಂಬ ಹೆಸರೂ ಗುಡುಗು ಎಂಬ ಅರ್ಥದ ನಮ್ಮ 'ಸ್ತನಿತ' ಎಂಬ ಮಾತೂ ಒಂದೇ ಬೇರಿನವು. ಆದರೂ ಇಬ್ಬರೂ ಒಂದೇ ಎನ್ನಲಾಗದು. ಇಂದ್ರ ದೇವರಾಜ, ಥಾರ್ ರಾಜನಲ್ಲ, ರಾಜ ಓಡಿನ್. ಥಾರ್ ರೈತರ, ಕಡಲಿಗರ ದೇವರು. ಒಂದೇ ಮೂಲದಿಂದ ಕವಲೊಡೆದು ಬೇರೆ ಬೇರೆ ನಾಡಿನಲ್ಲಿ ಬೆಳೆದ ದೂರದ ನೆಂಟರು ಎನ್ನುವುದೇ ಸರಿ. ನಾವು ಗುರುವಾರ ಎನ್ನುವ ದಿನ ರೋಮನ್ನರಿಗೆ ಜೂಪಿಟರ್‌ನ ದಿನವಾಗಿತ್ತು; ಉತ್ತರದವರು ಅದನ್ನು ತಮ್ಮ ಗುಡುಗಿನ ದೇವರಿಗೆ ಒಪ್ಪಿಸಿ ಥಾರ್‌ನ ದಿನವೆಂದು ಕರೆದರು. ಇಂಗ್ಲಿಷಿನ 'ಥರ್ಸ್‌ಡೇ' ಎಂಬ ಹೆಸರಿನಲ್ಲಿ ಅವನು ಇನ್ನೂ ಇದ್ದಾನೆ.

ಕಲಿಯುತ್ತಿದ್ದಾಳೆಯೇ ಎಂಬ ಪ್ರಶ್ನೆಗೆ ಬರೋಣ. ಹೆಸರುಗಳನ್ನು, ಲೋಕದ ನಕ್ಷೆಯನ್ನು ಅವಳು ಖಂಡಿತ ಕಲಿತಿದ್ದಾಳೆ. ಓಡಿನ್‌ನ ಒಂದು ಕಣ್ಣು, ಕಾಮನಬಿಲ್ಲಿನ ಸೇತುವೆ, ಅದರ ಕಾವಲುಗಾರ ಹೈಮ್‌ಡಾಲ್ ಇವೆಲ್ಲ ಎಡ್ಡಾದವೇ. ಸಂಬಂಧಗಳನ್ನೂ ಕಥೆಯ ಅರ್ಥವನ್ನೂ ಕಾಮಿಕ್ಸ್‌ನಿಂದ ನಂಬಿ ಬರೆಯಬಾರದು. ಚಲನಚಿತ್ರಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು: ಎಡ್ಡಾದಲ್ಲಿ ಹೆಲ್ (ಕಾಮಿಕ್ಸ್‌ನ ಹೆಲಾ) ಲೋಕಿಯ ಮಗಳು, 2017ರ ಚಿತ್ರದಲ್ಲಿ ಓಡಿನ್‌ನ ಮಗಳು. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಸ್ಥಾಪನೆಯಾಗಿ ಮರುವರ್ಷ ಸರ್ಕಾರದ ಮಾನ್ಯತೆ ಪಡೆದ ಸಂಘವೊಂದು ಇಂದಿಗೂ ಈ ದೇವರುಗಳನ್ನು ಗೌರವದಿಂದ ನೆನೆಯುತ್ತದೆ ಎಂಬುದನ್ನೂ ಅವಳಿಗೆ ಹೇಳಿ. ಯಾರದೋ ಪಾಲಿಗೆ ಇವು ಕೇವಲ ಕಾಮಿಕ್ಸ್ ಪಾತ್ರಗಳಲ್ಲ.

ಓದಿಸುವುದಾದರೆ ಥ್ರಿಮ್ಸ್‌ಕ್ವಿಡಾದಿಂದಲೇ ಆರಂಭಿಸಿ. ಮೂವತ್ತು ಚಿಲ್ಲರೆ ಪದ್ಯಗಳು. ಗಟ್ಟಿಯಾಗಿ ಓದಿದರೆ ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ, ಮನೆಮಂದಿಯೆಲ್ಲ ನಗುತ್ತಾರೆ. ಹೆನ್ರಿ ಆಡಮ್ಸ್ ಬೆಲೋಸ್ ಅವರ 1923ರ ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆಮೇಲೆ ಸ್ನೋರಿಯ ಗದ್ಯದಲ್ಲಿ ಥಾರ್ ದೈತ್ಯರ ಕೋಟೆಯಾದ ಉಟ್‌ಗಾರ್ಡ್‌ಗೆ ಹೋದ ಪ್ರಸಂಗ: ಅಲ್ಲಿ ಅವನಿಗೆ ಒಂದು ಕೊಂಬಿನ ಪಾನೀಯ ಮುಗಿಸಲಾಗುವುದಿಲ್ಲ, ಒಂದು ಬೆಕ್ಕನ್ನು ಎತ್ತಲಾಗುವುದಿಲ್ಲ, ಒಬ್ಬ ಮುದುಕಿಯನ್ನು ಕೆಡವಲಾಗುವುದಿಲ್ಲ, ಕೊಂಬಿನ ತುದಿ ಕಡಲಲ್ಲಿತ್ತು, ಬೆಕ್ಕು ಮಹಾಸರ್ಪವಾಗಿತ್ತು, ಮುದುಕಿ ಮುಪ್ಪೇ ಆಗಿದ್ದಳು ಎಂದು ಹೊರಟು ನಿಂತಾಗ ತಿಳಿಯುತ್ತದೆ. ಚಿತ್ರಕಥೆಯಲ್ಲಿಯೇ ಮೂಲಕ್ಕೆ ಹತ್ತಿರವಾದದ್ದು ಬೇಕೆಂದರೆ ಡೆನ್ಮಾರ್ಕಿನ ಪೀಟರ್ ಮ್ಯಾಡ್ಸನ್ ಮತ್ತು ಸಂಗಡಿಗರ 'ವಲ್ಹಾಲಾ' ಇದೆ. 1979ರಿಂದ 2009ರವರೆಗೆ 15 ಸಂಪುಟಗಳಲ್ಲಿ ಬಂದ ಅದು ಎಡ್ಡಾದ ಕಥೆಗಳನ್ನೇ ಥಾರ್‌ನ ಮನೆಗೆ ಸೇರಿದ ಥ್ಯಾಲ್ಫಿ, ರೋಸ್ಕ್ವಾ ಎಂಬ ಅಣ್ಣತಂಗಿಯರ ಜೊತೆಗೆ ಹೇಳುತ್ತದೆ. ನಂತರ ಕರ್ಬಿಯ ಐದು ಪುಟದ ಕಥೆಗಳು, ಆಮೇಲೆ ಸೈಮನ್ಸನ್. ಗಾರ್‌ನ ಕಥೆಯಲ್ಲಿ ರಕ್ತಪಾತ ವಿಪರೀತವಾದ್ದರಿಂದ ಇನ್ನೂ ಮೂರು ನಾಲ್ಕು ವರ್ಷ ಕಾಯುವುದು ಒಳ್ಳೆಯದು.

ಪ್ರಬಂಧವನ್ನು ಹರಿದು ಹೊಸದಾಗಿ ಬರೆಯುವ ಅಗತ್ಯವಿಲ್ಲ. 'ಪುರಾಣಗಳು ಹೇಳುತ್ತವೆ' ಎಂದಿರುವಲ್ಲಿ 'ಮಾರ್ವೆಲ್ ಕಾಮಿಕ್ಸ್ ಹೇಳುತ್ತದೆ' ಎಂದು ತಿದ್ದಿ, ಅದರ ಕೆಳಗೆ ಎಡ್ಡಾ ಏನು ಹೇಳುತ್ತದೆ ಎಂಬುದನ್ನು ಅವಳ ಮಾತಿನಲ್ಲಿಯೇ ಸೇರಿಸಲಿ: ಲೋಕಿ ಓಡಿನ್‌ನ ರಕ್ತಸೋದರ, ಸುತ್ತಿಗೆಯನ್ನು ಒಬ್ಬ ದೈತ್ಯ ಕದ್ದಿದ್ದ, ಅದನ್ನು ಮರಳಿ ತರಲು ಥಾರ್ ಮದುಮಗಳ ವೇಷ ತೊಡಬೇಕಾಯಿತು.